ಮೀನಿಲ್ಲದ ದಿನದ ಹಗ್ಗ

ಪರೀಕ್ಷೆ ಮುಗಿದು ಫಲಿತಾಂಶ ಹೇಳುವುದು ಬಾಕಿ ಇರುವ ಏಪ್ರಿಲ್ ತಿಂಗಳ ಆ ನಾಲ್ಕು ದಿನಗಳಿವೆಯಲ್ಲ, ಅವು ನಮ್ಮಂಥ ಶಿಕ್ಷಕಿಯರ ತಾಳ್ಮೆಗೆ ಇಟ್ಟ ಪರೀಕ್ಷೆ. ಪಾಠವಿಲ್ಲದ ತರಗತಿಯಲ್ಲಿ ಮಕ್ಕಳನ್ನು ಕೂಡಿಸಿಟ್ಟುಕೊಳ್ಳುವುದೆಂದರೆ ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆಯೇ. ನಾನು ಮಾಡುವ ಉಪಾಯವೆಂದರೆ ಮನೆಯಿಂದ ಪೇಪರು ಒಯ್ದು ಒಬ್ಬೊಬ್ಬರಿಂದ ಒಂದೊಂದು ಸುದ್ದಿ ಓದಿಸುವುದು. 2025ರ ಏಪ್ರಿಲ್‌ನಲ್ಲಿ ಹೀಗೆ ಓದಿಸುತ್ತಿದ್ದಾಗ ಸಿಕ್ಕ ಸುದ್ದಿ ನಮ್ಮ ಕಾರವಾರದ್ದೇ ಆಗಿತ್ತು. ಏಪ್ರಿಲ್ 5ರಂದು ಐಎನ್‌ಎಸ್ ಸುನಯನಾ ಎಂಬ ಹಡಗು ಅಲ್ಲಿಯ ನೌಕಾನೆಲೆಯಿಂದ ಹೊರಟಿತ್ತು. ರಕ್ಷಣಾ ಸಚಿವರೇ ಬಂದು ಬೀಳ್ಕೊಟ್ಟಿದ್ದರು. ಹಡಗು ಹೊರಡುವುದರಲ್ಲಿ ಏನು ವಿಶೇಷ? ವಿಶೇಷವಿದ್ದದ್ದು ಒಳಗಿದ್ದ ಜನರಲ್ಲಿ. ನಮ್ಮ ನಾವಿಕರ ಜೊತೆಗೆ ಒಂಬತ್ತು ದೇಶಗಳ 44 ಮಂದಿ ನಾವಿಕರು ಅದರಲ್ಲಿದ್ದರು. ಕೊಮೊರೊಸ್, ಕೀನ್ಯಾ, ಮಡಗಾಸ್ಕರ್, ಮಾಲ್ಡೀವ್ಸ್, ಮಾರಿಷಸ್, ಮೊಜಾಂಬಿಕ್, ಸೀಶೆಲ್ಸ್, ಶ್ರೀಲಂಕಾ, ತಾಂಜಾನಿಯಾ. ಓದುವ ಹುಡುಗಿ ತಡವರಿಸಿದಳು. ನಾನು ಭೂಪಟ ಇಳಿಬಿಟ್ಟು ಒಂದೊಂದನ್ನೇ ತೋರಿಸಿದೆ. ಎಲ್ಲವೂ ನಾವು ಕಾಲು ತೊಳೆಯುವ ನೀರಿನ ಆಚೆ ದಡದವರೇ.

ಆ 44 ಜನ ಮೊದಲು ಕೊಚ್ಚಿಯಲ್ಲಿ ತರಬೇತಿ ಪಡೆದಿದ್ದರು. ಬೆಂಕಿ ಆರಿಸುವುದು, ಹಡಗಿಗೆ ತೂತು ಬಿದ್ದರೆ ಮುಚ್ಚುವುದು, ಅನುಮಾನ ಬಂದ ಹಡಗನ್ನು ಹತ್ತಿ ಶೋಧಿಸುವುದು ಇತ್ಯಾದಿ. ಆಮೇಲೆ ಒಂದೇ ಹಡಗಿನಲ್ಲಿ ಉಂಡು, ಮಲಗಿ, ಸರದಿಯ ಮೇಲೆ ಕಾವಲು ನಿಂತು ದಾರ್-ಎಸ್-ಸಲಾಮ್, ನಕಾಲಾ, ಪೋರ್ಟ್ ಲೂಯಿ, ವಿಕ್ಟೋರಿಯಾ ಬಂದರುಗಳಿಗೆ ಹೋಗುವುದು. ಕಡಲ್ಗಳ್ಳರು, ಮಾದಕ ವಸ್ತು ಸಾಗಿಸುವವರು, ಪರರ ನೀರಿನಲ್ಲಿ ಕದ್ದು ಮೀನು ಹಿಡಿಯುವವರು, ಇವರಿಗೆಲ್ಲ ಗಡಿಯಿಲ್ಲ. ಆದ್ದರಿಂದ ಕಾಯುವವರೂ ಕೂಡಿಯೇ ಕಾಯಬೇಕು ಎಂಬುದು ತರ್ಕ. ನಾನು ಹೀಗೆಲ್ಲ ವಿವರಿಸಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

"ಅಕ್ಕೋರೆ, ಒಂದು ತಿಂಗಳು ಒಂದೇ ಹಡಗಲ್ಲಿ ಇದ್ರೆ ದೋಸ್ತಿ ಆಗ್ತದಾ? ನಾವು ಎಲ್ಲಾ ಕಲಿಸಿಕೊಟ್ಟು, ನಾಳೆ ಅವ್ರೇ ತಿರುಗಿ ಬಿದ್ರೆ?"

ತರಗತಿ ನಕ್ಕಿತು. "ಆಗ್ತದೆ, ಕೂತ್ಕೊ" ಎಂದೆ. ಉತ್ತರ ಗೊತ್ತಿಲ್ಲದಾಗ ಮಕ್ಕಳನ್ನು ಕೂರಿಸುವುದು ನಮ್ಮ ವೃತ್ತಿಯ ಹಳೆಯ ಚಾಳಿ. ಆದರೆ ಆ ಪ್ರಶ್ನೆ ಅಂದು ಸಂಜೆ ನನ್ನ ಜೊತೆಗೇ ಮನೆಗೆ ಬಂತು. ಅದಕ್ಕೆ ಕಾರಣ ಹಡಗಲ್ಲ, ನಮ್ಮ ಮನೆಯ ಬೇಲಿ.

ನಮ್ಮದು ಕಡಲನ್ನು ನಂಬಿ ಬದುಕಿದ ಮನೆ. ನಾನು ಚಿಕ್ಕವಳಿದ್ದಾಗ, ಎಂದರೆ ಎಪ್ಪತ್ತರ ದಶಕದ ಕೊನೆಗೆ, ನಮ್ಮ ಕಡೆ ಇನ್ನೂ ರಂಪಣಿ ಇತ್ತು. ಈಗಿನ ಮಕ್ಕಳಿಗೆ ರಂಪಣಿ ಎಂದರೆ ಏನೆಂದು ಹೇಳಬೇಕಾಗುತ್ತದೆ. ಅದು ಒಬ್ಬರ ಬಲೆಯಲ್ಲ. ದೋಣಿಯವರು ಬಲೆಯನ್ನು ಅರ್ಧಚಂದ್ರದ ಹಾಗೆ ಕಡಲಿನಲ್ಲಿ ಬಿಟ್ಟು ಬರುತ್ತಿದ್ದರು. ಅದರ ಎರಡು ತುದಿಯ ಹಗ್ಗಗಳನ್ನು ದಡದ ಮೇಲೆ ಊರಿಗೆ ಊರೇ ನಿಂತು ಎಳೆಯುತ್ತಿತ್ತು. ಬಂಗಡೆ, ತಾರ್ಲೆ ಬಲೆಯೊಳಗೆ ಬೆಳ್ಳಿಯಂತೆ ಕುದಿಯುತ್ತಿದ್ದವು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. ದಾರಿಯಲ್ಲಿ ಹೋಗುತ್ತಿದ್ದವನು ಬಂದು ಒಂದು ಗಳಿಗೆ ಎಳೆದರೂ ಅವನ ಕೈಗೂ ನಾಲ್ಕು ಮೀನು ಬೀಳುತ್ತಿದ್ದವು.

ನನ್ನ ಅಪ್ಪನಿಗೂ ದೊಡ್ಡಪ್ಪನಿಗೂ ಮಾತಿರಲಿಲ್ಲ. ಎರಡು ತೆಂಗಿನ ಮರ ಬೇಲಿಯ ಯಾವ ಬದಿಗೆ ಸೇರಬೇಕು ಎಂಬುದು ಜಗಳ. ಮನೆಯಲ್ಲಿ ಒಬ್ಬರ ಹೆಸರನ್ನು ಇನ್ನೊಬ್ಬರು ಎತ್ತುತ್ತಿರಲಿಲ್ಲ. ಆದರೆ ರಂಪಣಿಯ ದಿನ ಇಬ್ಬರೂ ಒಂದೇ ಹಗ್ಗಕ್ಕೆ ನಿಲ್ಲಬೇಕಾಗುತ್ತಿತ್ತು. ಎದುರು ತುದಿಗೆ ಹೋಗಿ ನಿಲ್ಲಬಹುದಿತ್ತು, ಹೋಗುತ್ತಿರಲಿಲ್ಲ. ಅಪ್ಪ ಮುಂದೆ, ದೊಡ್ಡಪ್ಪ ಹಿಂದೆ. ಅಲ್ಲಿ ಅವರಾಡುತ್ತಿದ್ದದ್ದು ಎರಡೇ ಮಾತು, "ಎಳಿ" ಮತ್ತು "ಸಡ್ಲ ಬಿಡು". ಒಂದು ಸಲ ನೀರಿನ ಸೆಳೆತಕ್ಕೆ ಹಗ್ಗ ಜಗ್ಗಿ ಅಪ್ಪನ ಕಾಲಿಗೆ ಸುತ್ತಿಕೊಂಡಿತು. ದೊಡ್ಡಪ್ಪ ಹಗ್ಗ ಬಿಟ್ಟು ಅಪ್ಪನ ಸೊಂಟ ಹಿಡಿದರು. "ಕಾಲು ನೋಡ್ಕ ಮಾರಾಯಾ" ಎಂದು ಬೈದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಸಂಜೆ ಆಯಿ ಮೀನು ತೊಳೆಯುತ್ತ, "ಇವತ್ತು ಮಾತಾಡಿದ್ರಂತೆ" ಎಂದು ಮೆಲ್ಲನೆ ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಅವರು ಸ್ನೇಹಿತರಾದರೇ? ಇಲ್ಲ. ಆದರೆ ಒಬ್ಬನ ತೂಕ, ಬಲ, ಸಿಟ್ಟು ಇನ್ನೊಬ್ಬನ ಕೈಗೆ ಗೊತ್ತಿತ್ತು. ಮನಸ್ಸಿಗಿಂತ ಮೊದಲು ಕೈ ನಂಬುತ್ತದೆ ಎಂದು ನನಗೆ ಈಗ ಅನಿಸುತ್ತದೆ. ನಂಬಿಕೆ ಹುಟ್ಟಿದ ಮೇಲೆ ಜೊತೆಗೆ ಕೆಲಸ ಮಾಡೋಣ ಎಂದು ಕಾದು ಕುಳಿತವರು ಕಾಯುತ್ತಲೇ ಇರುತ್ತಾರೆ.

ನೌಕಾಪಡೆಗಳ ಕತೆಯೂ ಹೆಚ್ಚು ಬೇರೆಯಲ್ಲ. 1995ರಲ್ಲಿ ಅಂಡಮಾನಿನಲ್ಲಿ 'ಮಿಲನ್' ಎಂಬ ಕೂಟ ಆರಂಭವಾದಾಗ ಭಾರತದ ಜೊತೆಗೆ ಬಂದದ್ದು ಇಂಡೋನೇಷ್ಯಾ, ಸಿಂಗಪುರ, ಶ್ರೀಲಂಕಾ, ಥಾಯ್ಲೆಂಡ್ ಎಂಬ ನಾಲ್ಕೇ ದೇಶ. ಪೆರೇಡು, ಆಟೋಟ, ಊಟ, ಒಂದಿಷ್ಟು ಅಭ್ಯಾಸ. ಯಾರಾದರೂ ಇದು ಹಡಗಿನವರ ಜಾತ್ರೆ ಎಂದು ನಕ್ಕಿದ್ದರೆ ತಪ್ಪು ಹೇಳುವಂತಿರಲಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಬಂತು. ನಮ್ಮ ತೀರದಲ್ಲೇ ಸಾವಿರಾರು ಜನ ಸತ್ತಿದ್ದರು. ಆದರೂ ನಮ್ಮ ಹಡಗುಗಳು ಶ್ರೀಲಂಕಾಕ್ಕೆ, ಮಾಲ್ಡೀವ್ಸ್‌ಗೆ, ಇಂಡೋನೇಷ್ಯಾಕ್ಕೆ ನೀರು, ಔಷಧ, ವೈದ್ಯರನ್ನು ಹೊತ್ತು ಹೋದವು. ಯುದ್ಧನೌಕೆಯೊಂದು ಪಕ್ಕದ ದೇಶದ ಬಂದರಿಗೆ ಏಕಾಏಕಿ ಬಂದರೆ ಗುಂಡಿಗೆ ನಡುಗಬೇಕು. ನಡುಗದೆ ಬಾಗಿಲು ತೆಗೆಯಬೇಕಾದರೆ ಹಿಂದೆಂದೋ ಒಮ್ಮೆ ಜೊತೆಗೆ ಕುಳಿತು ಉಂಡಿರಬೇಕು. ತರಬೇತಿ ಎಂದರೆ ಮೀನಿಲ್ಲದ ದಿನವೂ ಹಗ್ಗ ಹಿಡಿಯುವುದು. ಆ ದಿನ ಬಲೆಗೆ ಏನೂ ಬೀಳುವುದಿಲ್ಲ. ಆದರೆ ಯಾರ ಪಕ್ಕದಲ್ಲಿ ಯಾರು ನಿಲ್ಲಬೇಕೆಂಬುದು ಗೊತ್ತಾಗಿರುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಭಾಷಣವಾದೀತು. ಹುಡುಗನ ಪ್ರಶ್ನೆಯ ಎರಡನೆಯ ಅರ್ಧ ಇನ್ನೂ ಉಳಿದಿದೆ. ದೇಶಗಳು ಕೂಡುವುದು ಬರಿ ಪ್ರೀತಿಗಲ್ಲ. ಕೆಲವು ಜಂಟಿ ಅಭ್ಯಾಸಗಳು ಮೂರನೆಯವನಿಗೆ ಕಾಣಲೆಂದೇ ಮೇಜಿನ ಮೇಲೆ ಇಟ್ಟ ಬೆತ್ತದ ಹಾಗೆ. ಬೆತ್ತ ಇಟ್ಟುಕೊಂಡೇ ಅರ್ಧ ಆಯುಷ್ಯ ಕಳೆದ ನನಗೆ ಅದರ ಭಾಷೆ ತಿಳಿಯದ್ದಲ್ಲ. 'ಸ್ನೇಹಿತ ರಾಷ್ಟ್ರಗಳು' ಎಂದು ಪಟ್ಟಿ ಮಾಡಿದ ಕೂಡಲೇ ಪಟ್ಟಿಯಲ್ಲಿಲ್ಲದವರು ಯಾರು ಎಂಬ ಪ್ರಶ್ನೆಯೂ ಹುಟ್ಟುತ್ತದೆ. ರಂಪಣಿಯ ದಡಕ್ಕೆ ಆಮಂತ್ರಣ ಪತ್ರಿಕೆ ಇರಲಿಲ್ಲ, ನೌಕಾಪಡೆಗಳ ದಡಕ್ಕೆ ಇದೆ.

ಆದರೆ ಕಡಲಿಗೆ ತನ್ನದೇ ಒಂದು ಧರ್ಮವಿದೆ. ನೀರಿನಲ್ಲಿ ಮುಳುಗುವವನನ್ನು ಅವನ ಊರು ಕೇಳದೆ ಎತ್ತಬೇಕು. 1982ರ ವಿಶ್ವಸಂಸ್ಥೆಯ ಕಡಲ ಕಾನೂನು ಇದನ್ನು ಬರೆದಿಟ್ಟಿತು. ಬರೆಯುವ ಮೊದಲೂ ನಮ್ಮ ದಡದ ಅನಕ್ಷರಸ್ಥರಿಗೆ ಇದು ತಿಳಿದಿತ್ತು. 2024ರ ಜನವರಿ ಕೊನೆಯಲ್ಲಿ ಅರಬ್ಬಿ ಸಮುದ್ರದಲ್ಲಿ ಐಎನ್‌ಎಸ್ ಸುಮಿತ್ರಾ ಎಂಬ ನಮ್ಮ ಹಡಗು, ಸೊಮಾಲಿಯಾದ ಕಡಲ್ಗಳ್ಳರು ಹಿಡಿದಿಟ್ಟಿದ್ದ ಇರಾನಿನ ಎರಡು ಮೀನುಗಾರಿಕೆ ದೋಣಿಗಳನ್ನು ಬಿಡಿಸಿತು. ಮೊದಲನೆಯದರಲ್ಲಿ 17 ಮಂದಿ ಇರಾನಿಗಳು. ಎರಡನೆಯದರಲ್ಲಿದ್ದವರು 19 ಮಂದಿ ಪಾಕಿಸ್ತಾನದವರು. ಯಾವ ಪಟ್ಟಿಯಲ್ಲೂ ಇಲ್ಲದವರು! ಹೊಟ್ಟೆಪಾಡಿಗಾಗಿ ಬಲೆ ಹೊತ್ತು ಬಂದ, ನನ್ನ ಅಪ್ಪನಂಥ ಜನ. ಅನುಮಾನ ಬಂದ ದೋಣಿಯನ್ನು ಹತ್ತುವುದಕ್ಕೆ ಕಲಿತ ವಿದ್ಯೆ ಅಂದು ಅವರ ಜೀವಕ್ಕೂ ಆಯಿತು. ಹಾಗಾದರೆ ಕಲಿಸಿಕೊಟ್ಟ ವಿದ್ಯೆ ತಿರುಗಿ ಬೀಳುತ್ತದೆ ಎಂಬ ಹೆದರಿಕೆಗೆ ಇದೂ ಒಂದು ಉತ್ತರವಲ್ಲವೆ? ಬೆಂಕಿ ಆರಿಸಲು ಕಲಿತವನು ಎಲ್ಲಿ ಹೋದರೂ ಬೆಂಕಿ ಆರಿಸಬಲ್ಲ.

ಹೀಗೆಂದು ಸಮಾಧಾನ ಪಟ್ಟುಕೊಂಡಿರುವಾಗಲೇ ಮೇ ತಿಂಗಳು ಬಂತು. ಏಪ್ರಿಲ್‌ನಲ್ಲಿ ಕಾರವಾರದಿಂದ ಹೊರಟ ಸುನಯನಾ ಮೇ 8ರಂದು ಕೊಚ್ಚಿಗೆ ಮರಳಿತು. ಅದೇ ದಿನ ನಮ್ಮ ಮತ್ತು ಪಾಕಿಸ್ತಾನದ ನಡುವೆ ಕ್ಷಿಪಣಿ, ಡ್ರೋನ್‌ಗಳು ಹಾರುತ್ತಿದ್ದವು. ಪಹಲ್ಗಾಮ್‌ನಲ್ಲಿ ಸತ್ತವರ ಮನೆಯ ಅಳು ಇನ್ನೂ ನಿಂತಿರಲಿಲ್ಲ. ಒಂದು ಕಡೆ ಒಂಬತ್ತು ದೇಶದವರು ಒಟ್ಟಿಗೆ ಹಡಗಿನಿಂದಿಳಿದ ಸುದ್ದಿ, ಇನ್ನೊಂದು ಕಡೆ ಊರೂರಿನಲ್ಲಿ ದೀಪವಾರಿಸಿದ ಸುದ್ದಿ. ಹಿಂದಿನ ವರ್ಷ ನಮ್ಮವರು ಬಿಡಿಸಿದ ಆ 19 ಜನ ಅಂದು ಎಲ್ಲಿ ಕುಳಿತು ರೇಡಿಯೋ ಕೇಳುತ್ತಿದ್ದರೋ! ಜೀವ ಉಳಿಸಿದ್ದು ಯುದ್ಧ ತಪ್ಪಿಸಲಿಲ್ಲ. ಯುದ್ಧವಾಯಿತೆಂದು ಜೀವ ಉಳಿಸಿದ್ದು ವ್ಯರ್ಥವೂ ಆಗಲಿಲ್ಲ. ಎರಡನ್ನೂ ಒಂದೇ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಕಷ್ಟ. ಆದರೆ ಪ್ರಾಯಶಃ ದೊಡ್ಡವರಾಗುವುದೆಂದರೆ ಅದೇ.

ಈಗ ಬೇಲಿಯ ಮಾತು ಮುಗಿಸುತ್ತೇನೆ. ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ನಿಂತಿತು. ಮೀನು ದಡಕ್ಕೆ ಬರುವ ಮೊದಲೇ ದೂರದಲ್ಲಿ ಬಳಿದುಹೋಗುತ್ತಿತ್ತು. ಅಪ್ಪ ಯಾರದೋ ಬೋಟಿಗೆ ಕೆಲಸಕ್ಕೆ ಹೋದರು, ದೊಡ್ಡಪ್ಪ ಗೋವೆಗೆ ಹೋದರು. "ಎಳಿ", "ಸಡ್ಲ ಬಿಡು" ಎಂಬ ಎರಡು ಮಾತೂ ಹೋದವು. ಬಡತನ ಅವರನ್ನು ಅಗಲಿಸಿತು ಎನ್ನುವುದಕ್ಕಿಂತ, ಕೂಡಿ ನಿಲ್ಲಲು ಒಂದು ಹಗ್ಗ ಇಲ್ಲವಾಯಿತು ಎನ್ನುವುದು ಸರಿ. 1998ರಲ್ಲಿ ಅಪ್ಪ ತೀರಿಕೊಂಡಾಗ ದೊಡ್ಡಪ್ಪ ಬಂದರು. ಬೇಲಿಯ ದಣಪೆಯ ಹೊರಗೇ ನಿಂತರು. ನಾನು ಜಗಲಿಯಿಂದ ನೋಡಿದೆ. ಆಗಲೇ ನಾನು ಬಿಎಡ್ ಮುಗಿಸಿ ಮಕ್ಕಳ ಜಗಳ ಬಿಡಿಸುವ ಅಕ್ಕೋರಾಗಿದ್ದೆ. "ಬನ್ನಿ ದೊಡ್ಡಪ್ಪ" ಎಂಬ ಎರಡು ಶಬ್ದ ನನ್ನ ಬಾಯಿಂದ ಬರಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತು, ಒಂದು ಲೋಟ ನೀರೂ ಕುಡಿಯದೆ ಹೋದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಈಗ ಬೇಲಿಯಾಚೆ ಇರುವುದು ದೊಡ್ಡಪ್ಪನ ಮಗ. ನಮಗೆ ಜಗಳವಿಲ್ಲ, ಆದರೆ ಮಾತೂ ಇರಲಿಲ್ಲ. ಮದುವೆ, ಸಾವು ಎಂದರೆ ಮಾತ್ರ ಮುಖ ತೋರಿಸುವುದು. ಆ ಮೇ ರಜೆಯಲ್ಲಿ ಒಂದು ಸಂಜೆ, ಯಾವ ಮದುವೆಯೂ ಯಾವ ಸಾವೂ ಇಲ್ಲದ ದಿನ, ನಾನು ದಣಪೆ ದಾಟಿ ಹೋದೆ. ಅಣ್ಣನ ಮುಖದಲ್ಲಿ ಗಾಬರಿ. "ಏನಾಯ್ತು?" ಎಂದ. "ಏನೂ ಆಗಲಿಲ್ಲ, ಸುಮ್ಮನೆ ಬಂದೆ" ಎಂದೆ. ಅತ್ತಿಗೆ ಚಹಾ ಮಾಡಿದಳು. ಈ ಸಲ ಮಳೆ ಬೇಗ ಬರುತ್ತದೆಯಂತೆ ಎಂದು ಮಾತಾಡಿದೆವು. ಅಷ್ಟೇ.

ಜೂನ್‌ನಲ್ಲಿ ಶಾಲೆ ತೆರೆದಾಗ ಆ ಹುಡುಗ ವರಾಂಡದಲ್ಲಿ ಸಿಕ್ಕ. ಅವನು ಪ್ರಶ್ನೆ ಮರೆತಿದ್ದ. ನಾನೇ ನೆನಪಿಸಿ, ಅಂದು ಕೊಟ್ಟ ಉತ್ತರವನ್ನು ತಿದ್ದಿದೆ. "ತಿಂಗಳಲ್ಲಿ ದೋಸ್ತಿ ಆಗೂದಿಲ್ಲ ಮಾರಾಯಾ. ಒಬ್ಬರ ಹೆಸರು ಒಬ್ಬರಿಗೆ ಗೊತ್ತಾಗ್ತದೆ. ಕಾಲಿಗೆ ಹಗ್ಗ ಸುತ್ತಿದಾಗ ಕರೆಯಲಿಕ್ಕೆ ಅಷ್ಟು ಬೇಕು."