ಹತ್ತು ಸಮಸ್ತರು

ಸಿದ್ದಾಪುರದ ಸುತ್ತಮುತ್ತ ಯಕ್ಷಗಾನದ ಆಟದ ಕಾಲ ಬಂತೆಂದರೆ ಕೈಗೆ ಚೀಟಿಗಳು ಬರುತ್ತವೆ. ಮೇಳ ಯಾವುದು, ಪ್ರಸಂಗ ಯಾವುದು, ರಂಗಸ್ಥಳ ಎಲ್ಲಿ ಎಂಬುದೆಲ್ಲ ಮುಗಿದ ಮೇಲೆ, ಆಡಿಸುವವರ ಹೆಸರಿರಬೇಕಾದ ಕಡೆ ಕೆಲವು ಚೀಟಿಗಳಲ್ಲಿ ಯಾರ ಹೆಸರೂ ಇರುವುದಿಲ್ಲ. ‘ಊರ ಹತ್ತು ಸಮಸ್ತರು’ ಎಂದಷ್ಟೇ ಇರುತ್ತದೆ. ರಾತ್ರಿಯಿಡೀ ಒಡ್ಡೋಲಗ, ಪೌರುಷ, ಯುದ್ಧ, ವಧೆ. ಬೆಳಗಾದರೆ ಅರಸ ಚೌಕಿಯಲ್ಲಿ ಕಿರೀಟ ಬಿಚ್ಚಿ, ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿರುತ್ತಾನೆ. ಅವನನ್ನು ಕುಣಿಸಿದ ಆ ಹತ್ತು ಮಂದಿ ಯಾರು ಎಂದು ಯಾರೂ ಕೇಳುವುದಿಲ್ಲ.

ಹೊಳೆದಂಡೆಯ ಹಳೆಯ ನಾಗರಿಕತೆಗಳ ಬಗ್ಗೆ ಓದುವಾಗ ನನಗೆ ಈ ಚೀಟಿಯದೇ ನೆನಪು. ಮೆಸೊಪೊಟೇಮಿಯಾದಲ್ಲಿ ಅರಸನನ್ನು ಹುಡುಕಬೇಕಾಗಿಯೇ ಇಲ್ಲ, ಅವನೇ ಎದುರು ಬಂದು ನಿಲ್ಲುತ್ತಾನೆ. ಕ್ರಿಸ್ತಪೂರ್ವ 2450ರ ಸುಮಾರಿಗೆ ಲಗಾಶ್ ಮತ್ತು ಉಮ್ಮಾ ಎಂಬ ಎರಡು ನೆರೆಯ ಪಟ್ಟಣಗಳು ನೀರುಣ್ಣುವ ಒಂದು ಬಯಲಿಗಾಗಿ ಹೊಡೆದಾಡಿದವು. ಗೆದ್ದ ಲಗಾಶಿನ ಅರಸ ಎಯನ್ನಾಟುಮ್ ಕಲ್ಲು ಕೆತ್ತಿಸಿದ. ಈಟಿ ಹಿಡಿದ ಸೈನಿಕರ ಸಾಲು ಹೆಣಗಳ ಮೇಲೆ ನಡೆದುಹೋಗುತ್ತಿದೆ, ಸಾಲಿನ ಮುಂದೆ ಅವನು; ಮೇಲೆ ಹದ್ದುಗಳ ಕೊಕ್ಕಿನಲ್ಲಿ ಸೋತವರ ತಲೆಗಳು. ಈಜಿಪ್ಟಿನ ಅರಸ ನಾರ್ಮೆರ್ ಅದಕ್ಕೂ ಹಿಂದೆ, ಕ್ರಿಸ್ತಪೂರ್ವ 3100ರ ಆಸುಪಾಸಿನ ಕೆತ್ತನೆಯಲ್ಲಿ, ಶತ್ರುವಿನ ಜುಟ್ಟು ಹಿಡಿದು ಗದೆ ಎತ್ತಿದ್ದಾನೆ. ತನ್ನ ಜೊತೆಯವರಿಗಿಂತ ಎಷ್ಟೋ ಪಟ್ಟು ದೊಡ್ಡವನಾಗಿ ಕಾಣುತ್ತಾನೆ.

ಸಿಂಧೂ ಬಯಲಿಗೆ ಬಂದರೆ ತೆರೆ ಸರಿದರೂ ಅರಸ ಕಾಣುವುದಿಲ್ಲ. ಮೊಹೆಂಜೊದಾರೋವಿನ ಉತ್ಖನನ 1922ರಲ್ಲಿ ಶುರುವಾಯಿತು. ನೂರು ವರ್ಷ ಕಳೆದರೂ ಇದು ಅರಮನೆ, ಇದು ಅರಸನ ಗೋರಿ ಎಂದು ಬೆರಳಿಟ್ಟು ತೋರಿಸುವಂಥದ್ದು ಸಿಕ್ಕಿಲ್ಲ. ಸಿಕ್ಕಿದ್ದರಲ್ಲಿ ಹೆಸರಾದದ್ದು ಗಡ್ಡದ ಒಬ್ಬ ಗಂಡಸಿನ ಕಲ್ಲಿನ ಮೂರ್ತಿ, ಎತ್ತರ ಹದಿನೇಳೂವರೆ ಸೆಂಟಿಮೀಟರ್. ಗೇಣುದ್ದವೂ ಇಲ್ಲದ ಅವನಿಗೆ ‘ಪುರೋಹಿತ-ಅರಸ’ ಎಂದು ಹೆಸರಿಟ್ಟರು. ಅವನು ಪುರೋಹಿತನೆನ್ನಲೂ ಅರಸನೆನ್ನಲೂ ಆಧಾರವಿಲ್ಲ. ಒಬ್ಬ ಯಜಮಾನ ಬೇಕು ಎಂಬ ನಮ್ಮ ಆಸೆಯೇ ಅವನಿಗೆ ಪಟ್ಟ ಕಟ್ಟಿತು.

ಯುದ್ಧದ ವಿಷಯದಲ್ಲೂ ಹಾಗೆಯೇ. ಬೀದಿಯಲ್ಲಿ, ಮನೆಗಳಲ್ಲಿ ಸಿಕ್ಕ ಕೆಲವು ಅಸ್ಥಿಪಂಜರಗಳನ್ನು ನೋಡಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಕೊನೆಯ ದಿನದ ಕಗ್ಗೊಲೆಯ ಕತೆ ಕಟ್ಟಿದರು, ಇಂದ್ರನನ್ನೇ ಆರೋಪಿಯ ಕಟಕಟೆಗೆ ತಂದರು. 1964ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಜಾರ್ಜ್ ಡೇಲ್ಸ್ ಲೆಕ್ಕ ತೆಗೆದು ನೋಡಿದರೆ ಆ ಹೆಣಗಳು ಒಂದೇ ದಿನದವಲ್ಲ, ಒಂದೇ ಕಾಲದವೂ ಅಲ್ಲ. ಹಾಗೆಂದು ಅವರೆಲ್ಲ ಸಾಧುಗಳಾಗಿದ್ದರು ಎನ್ನಲು ನಾನು ತಯಾರಿಲ್ಲ. ಕೋಟೆಗೋಡೆಗಳಿದ್ದವು, ತಾಮ್ರದ ಈಟಿಗಳಿದ್ದವು, ಅವರ ಲಿಪಿಯನ್ನು ಇನ್ನೂ ಯಾರೂ ಓದಿಲ್ಲ. ಆದರೆ ಜಗಳ ಆಗಿದ್ದರೂ ಗೆದ್ದವನು ಹದ್ದುಗಳ ಕಲ್ಲು ನಿಲ್ಲಿಸಲಿಲ್ಲ.

ಅವರು ಬಿಟ್ಟುಹೋದದ್ದು ತೂಕದ ಕಲ್ಲು. ನುಣ್ಣಗೆ ಉಜ್ಜಿದ ಚೌಕದ ಪುಟ್ಟ ಕಲ್ಲುಗಳು. ಒಂದು, ಎರಡು, ನಾಲ್ಕು, ಎಂಟು ಎಂದು ದುಪ್ಪಟ್ಟಾಗುತ್ತ ಹೋಗುತ್ತವೆ. ಹೆಚ್ಚಾಗಿ ಸಿಗುವುದು 13.7 ಗ್ರಾಂ ಆಸುಪಾಸಿನದು. ಹರಪ್ಪದಲ್ಲೂ ಅದೇ ತೂಕ, ಗುಜರಾತಿನ ಲೋಥಲ್‌ನಲ್ಲೂ ಅದೇ ತೂಕ. ಮೆಸೊಪೊಟೇಮಿಯಾದಲ್ಲಿ ತೂಕದ ಕಲ್ಲಿನ ಮೇಲೂ ಹೆಸರು ಕೊರೆಸಿದ ಅರಸರಿದ್ದಾರೆ. ಇಲ್ಲಿ ಕಲ್ಲು ಬೋಳು. ಅಷ್ಟು ದೂರದೂರದ ಊರುಗಳನ್ನು ಒಂದೇ ತಕ್ಕಡಿಗೆ ಒಪ್ಪಿಸಿದ ಕೈ ಒಂದಿತ್ತೋ ಹಲವಿತ್ತೋ, ಅದರ ಗುರುತು ಆ ಕಲ್ಲಿನಲ್ಲಿಲ್ಲ.

ಈ ಪ್ರಶ್ನೆಗೆ ಒಂದು ಸುಳುಹು ನಮ್ಮ ವಾರಾಹಿ ಹೊಳೆಯ ಕೆಳದಂಡೆಯಲ್ಲಿ, ಅದರ ಆಸುಪಾಸಿನಲ್ಲೇ ಇದೆ. ಬಸ್ರೂರು, ಬಾರ್ಕೂರುಗಳ ವಿಜಯನಗರ ಕಾಲದ ಶಾಸನಗಳಲ್ಲಿ ಅರಸನ ಹೆಸರು, ರಾಜ್ಯವಾಳುವ ಅಧಿಕಾರಿಯ ಹೆಸರು ಬಂದ ಮೇಲೆ ಇನ್ನೊಂದು ಪದ ಬರುತ್ತದೆ: ಹಲರು. ಇಂತಿಂಥ ಕೇರಿಯ ಹಲರು. ಅರ್ಥ ಇಷ್ಟೇ, ಅನೇಕರು. ದತ್ತಿ ಬಿಡುವಾಗ ಅವರಿರಬೇಕು, ಕಟ್ಟಳೆ ಮಾಡುವಾಗ ಅವರ ಒಪ್ಪಿಗೆ ಬೇಕು. ಅಧಿಕಾರಿಗಳು ಬಂದರು, ಬದಲಾದರು. ಕೇರಿ ಮತ್ತು ಹಲರು ಅಲ್ಲೇ ಇದ್ದರು. ದೇವಸ್ಥಾನಕ್ಕೆ ಬಿಟ್ಟ ಅಕ್ಕಿಯ ಮುಡಿ ಯಾವ ಹಾನೆಯ ಲೆಕ್ಕದ್ದು ಎಂದು ಶಾಸನವೇ ಹೇಳುತ್ತದೆ, ಯಾಕೆಂದರೆ ಊರಿಗೊಂದು ಅಳತೆ. ಹರಪ್ಪದವರು ಸಾಧಿಸಿದ್ದು ನಮ್ಮವರಿಗೆ ಸಾಧ್ಯವಾಗಲಿಲ್ಲ ಎನ್ನಬೇಕು.

ಅರಸರು ಮತ್ತು ದಂಡು ಇಲ್ಲಿಗೂ ಬಂದರು. ಗೋವೆಗೆ ಅಕ್ಕಿ ಬೇಕಿದ್ದ ಪೋರ್ಚುಗೀಸರು 1569ರಲ್ಲಿ ಬಸ್ರೂರಿನಲ್ಲಿ ಕಾಲೂರಿದರು. ಕೆಳದಿಯ ಶಿವಪ್ಪ ನಾಯಕ ಅವರನ್ನು ಎಬ್ಬಿಸಿದ. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಪೇಟೆ ದೋಚಿದ. 1783ರ ಜನವರಿಯಲ್ಲಿ ಕಂಪೆನಿಯ ಜನರಲ್ ಮ್ಯಾಥ್ಯೂಸ್ ಕುಂದಾಪುರ ಹಿಡಿದು, ಸಿದ್ದಾಪುರದಾಚೆಯ ಹೊಸಂಗಡಿ ಘಾಟಿ ಹತ್ತಿ ಘಟ್ಟದ ಮೇಲಿನ ‘ನಗರ’ ಎಂಬ ಊರನ್ನು ವಶಮಾಡಿಕೊಂಡ. ಮಳೆಗಾಲಕ್ಕೆ ಮೊದಲೇ ಟಿಪ್ಪು ಅದನ್ನು ಕಿತ್ತುಕೊಂಡ. ಇವರಲ್ಲಿ ನನಗೆ ಮುಖ್ಯನೆನಿಸುವವನು ಶಿವಪ್ಪ ನಾಯಕ. ಅವನು ಗೆದ್ದ ಕೋಟೆಗಳು ಕುಸಿದಿವೆ. ಆದರೆ ಭೂಮಿ ಅಳೆಸಿ, ಫಲ ನೋಡಿ ಕಂದಾಯ ನಿಗದಿ ಮಾಡಿದ ಅವನ ‘ಶಿಸ್ತು’ ಅವನ ಹೆಸರಿಗೆ ಅಂಟಿಕೊಂಡು ಉಳಿಯಿತು. ಕತ್ತಿಯವನೂ ಉಳಿದದ್ದು ಅಳತೆಯಿಂದ.

ಇಂದು ಅದೇ ಹೊಸಂಗಡಿಯಲ್ಲಿ ನೆಲದೊಳಗಿನ ವಿದ್ಯುದಾಗಾರ ವಾರಾಹಿಯ ನೀರಿನಿಂದ 460 ಮೆಗಾವ್ಯಾಟ್ ತೆಗೆಯಬಲ್ಲದು. ಇತ್ತ ಹೊಳೆಶಂಕರನಾರಾಯಣದ ಅಡ್ಡಗಟ್ಟೆಯಿಂದ ಹೊರಟ ನೀರಾವರಿ ಯೋಜನೆಯ ಕತೆ 1979ರಷ್ಟು ಹಳೆಯದು; ಕಾಲುವೆಯಲ್ಲಿ ನೀರು ಕಾಣಲು ಮೂರು ದಶಕಕ್ಕೂ ಮಿಕ್ಕಿ ಕಾಯಬೇಕಾಯಿತು. ಲಗಾಶ್ ಮತ್ತು ಉಮ್ಮಾ ನೀರಿಗಾಗಿ ಈಟಿ ಎತ್ತಿದವು, ನಮ್ಮವರು ಅರ್ಜಿ ಹಿಡಿದು ಕಚೇರಿಯ ಮೆಟ್ಟಿಲು ಹತ್ತಿದರು. ಈಟಿಗಿಂತ ಅರ್ಜಿ ಮೇಲು. ನಿಧಾನ ಮಾತ್ರ ಹೇಳತೀರದು.

ಹಲರನ್ನು ಹೊಗಳುತ್ತ ಹೋದರೆ ಮಾತು ದಾರಿ ತಪ್ಪುತ್ತದೆ. ಬಸ್ರೂರಿನ ಹಲರೆಂದರೆ ಪೇಟೆಯ ವರ್ತಕರು, ಮಾತಿಗೆ ತೂಕವಿದ್ದವರು. ಮುಡಿ ಕಟ್ಟಿದವರು, ಅದನ್ನು ಹೊತ್ತು ದೋಣಿಗೆ ಹಾಕಿದವರು, ಗದ್ದೆಯಲ್ಲಿ ನಟ್ಟಿ ನೆಟ್ಟ ಹೆಂಗಸರು ಆ ಪದದೊಳಗೆ ಬರಲಿಲ್ಲ. ಮೊಹೆಂಜೊದಾರೋವಿನ ಇಟ್ಟಿಗೆ ಹೊತ್ತವರೂ ತೂಕದ ಕಲ್ಲು ಹಿಡಿದವರೂ ಒಂದೇ ಪಂಕ್ತಿಯಲ್ಲಿ ಕೂತಿದ್ದರೆಂದು ನಂಬುವುದು ಕಷ್ಟ. ಅರಸನಿಲ್ಲದ ಕಡೆ ಎಲ್ಲರೂ ಅರಸರೇ ಆಗಿರುವುದಿಲ್ಲ. ಹೆಸರು ಹಾಕದೆ ಆಳುವುದು ವಿನಯವೂ ಇರಬಹುದು, ಜಾಣತನವೂ ಇರಬಹುದು.

ಮುಂದಿನ ಸಲ ಆಟದ ಚೀಟಿ ಕೈಗೆ ಬಂದಾಗ ಪ್ರಸಂಗದ ಹೆಸರು ಓದಿ ಮಡಚಿಡಬೇಡಿ. ಕೆಳಗಿನ ಆ ಸಾಲಿಗೂ ಹೋಗಿ, ನಿಮ್ಮೂರಿನ ಹತ್ತರಲ್ಲಿ ಯಾರಿದ್ದಾರೆ, ಯಾರನ್ನು ಕರೆದಿಲ್ಲ ಎಂದು ಒಮ್ಮೆ ಎಣಿಸಿ ನೋಡಿ.