ಪಡೆಯದ ಪದಕದ ಪಾಪ

ಕ್ಯಾಲಿಫೋರ್ನಿಯಾದ ಒಂದು ನೀರು ಸರಬರಾಜು ಮಂಡಳಿಗೆ ಆಯ್ಕೆಯಾದ ಜೇವಿಯರ್ ಆಲ್ವರೆಜ್ 2007ರ ಜುಲೈನಲ್ಲಿ ಸಭೆಯೊಂದರಲ್ಲಿ ಎದ್ದು ನಿಂತು ತನ್ನ ಪರಿಚಯ ಹೇಳಿಕೊಂಡ: 25 ವರ್ಷ ಮೆರೀನ್ ಪಡೆಯಲ್ಲಿದ್ದೆ, ಹಲವು ಸಲ ಗಾಯಗೊಂಡೆ, 1987ರಲ್ಲಿ ಮೆಡಲ್ ಆಫ್ ಆನರ್ ಬಂತು. ನಮ್ಮಲ್ಲಿ ಪರಮವೀರ ಚಕ್ರ ಹೇಗೋ ಅಮೆರಿಕದಲ್ಲಿ ಅದು ಹಾಗೆ. ಆಸಾಮಿ ಒಂದು ದಿನವೂ ಸೈನ್ಯದಲ್ಲಿದ್ದವನಲ್ಲ. ಬೇರೆ ಕಡೆ ತಾನು ಡೆಟ್ರಾಯಿಟ್ ರೆಡ್ ವಿಂಗ್ಸ್ ಪರ ಹಾಕಿ ಆಡಿದವನೆಂದೂ ಮೆಕ್ಸಿಕೋದ ತಾರೆಯೊಬ್ಬಳನ್ನು ಮದುವೆಯಾಗಿದ್ದೆನೆಂದೂ ಬುರುಡೆ ಬಿಟ್ಟಿದ್ದ. ಆ ಬುರುಡೆಗಳಿಗೆ ಕೇಸಿಲ್ಲ. ಪದಕದ ಮಾತಿಗೆ ಬಿತ್ತು.

ಅಧ್ಯಕ್ಷ ಬುಷ್ 2006ರ ಡಿಸೆಂಬರ್‌ನಲ್ಲಿ ಸಹಿ ಹಾಕಿದ್ದ 'ಸ್ಟೋಲನ್ ವ್ಯಾಲರ್' ಕಾಯ್ದೆಯ ಪ್ರಕಾರ, ಸೇನಾ ಪದಕ ಬಂದಿದೆ ಎಂದು ಬರೀ ಬಾಯಿಮಾತಿನಲ್ಲಿ ಸುಳ್ಳು ಹೇಳಿದರೂ ಆರು ತಿಂಗಳವರೆಗೆ ಜೈಲು; ಮೆಡಲ್ ಆಫ್ ಆನರ್ ಆದರೆ ಒಂದು ವರ್ಷದವರೆಗೆ. ಆಲ್ವರೆಜ್‌ಗೆ ಪ್ರೊಬೇಷನ್ ಮತ್ತು 5,000 ಡಾಲರ್ ದಂಡ ಬಿತ್ತು. ಆದರೆ 2012ರ ಜೂನ್ 28ರಂದು ಸುಪ್ರೀಂ ಕೋರ್ಟಿನ ಒಂಬತ್ತರಲ್ಲಿ ಆರು ನ್ಯಾಯಮೂರ್ತಿಗಳು ಆ ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ ಎಂದರು. ಇವತ್ತು ಪದಕದ ಸುಳ್ಳನ್ನು ಶಿಕ್ಷಿಸಿದರೆ ನಾಳೆ ಇನ್ಯಾವ ಸುಳ್ಳು ಎಂಬುದು ನ್ಯಾಯಮೂರ್ತಿ ಕೆನಡಿಯವರ ಚಿಂತೆ. ಸರ್ಕಾರವೇ ಸತ್ಯವನ್ನು ತೀರ್ಮಾನಿಸುವ ಆರ್ವೆಲ್‌ನ ಕಾದಂಬರಿಯನ್ನೂ ಅವರು ನೆನೆದರು.

ಹಾಗಾದರೆ ಯಾರಿಗೂ ನಷ್ಟ ಮಾಡದ ಸುಳ್ಳು ಪಾಪವೇ, ಅಪರಾಧವೇ, ಎರಡೂ ಹೌದೇ?

ಸಂತ ಆಗಸ್ಟೀನ್ ಸುಳ್ಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಹೆಚ್ಚು ಕಡಿಮೆ ತೂಕ ಕೊಟ್ಟು, ಕೊನೆಗೆ ಒಂದನ್ನೂ ಮಾಫಿ ಮಾಡಲಿಲ್ಲ. ಕಾಂಟ್ ಎಂದರೆ ನೆನಪಾಗುವುದು 1797ರ ಆ ಕಠೋರ ಪ್ರಬಂಧ: ಗೆಳೆಯನನ್ನು ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು ಕೇಳಿದರೂ ಸುಳ್ಳಾಡುವ ಹಕ್ಕಿಲ್ಲ. ಅದೇ ವರ್ಷ ಹೊರಬಂದ ಅವನ ನ್ಯಾಯತತ್ತ್ವದ ಗ್ರಂಥ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಇನ್ನೊಬ್ಬರ ಹಕ್ಕಿಗೆ ಕುತ್ತು ತರದ ಮಾತು ನಿಜವೋ ಸುಳ್ಳೋ, ಅದನ್ನು ಕೇಳುವುದು ಕಾನೂನಿನ ಕೆಲಸವಲ್ಲ ಎನ್ನುತ್ತದೆ. ಸುಳ್ಳಿನ ವಿಷಯದಲ್ಲಿ ಇಷ್ಟು ಬಿಗಿಯಾದ ಮನುಷ್ಯನೂ ಪೊಲೀಸರನ್ನು ಕರೆಯಲು ಹಿಂಜರಿದದ್ದು ಗಮನಿಸಬೇಕಾದ ಸಂಗತಿ.

ಅಮೆರಿಕವೂ ಕೊನೆಗೆ ಬಂದು ನಿಂತದ್ದು ಅಲ್ಲೇ. 2013ರ ಜೂನ್‌ನಲ್ಲಿ ಒಬಾಮ ಸಹಿ ಹಾಕಿದ ಹೊಸ ಕಾಯ್ದೆ, ಹಣ, ಆಸ್ತಿ ಅಥವಾ ಅಂಥ ಲಾಭಕ್ಕಾಗಿ ಪದಕದ ಸುಳ್ಳು ಹೇಳಿದವರನ್ನಷ್ಟೇ ಹಿಡಿಯುತ್ತದೆ. ಈ ಕಾಯ್ದೆಯ ಮುಂದೆ ಆಲ್ವರೆಜ್ ಪಾರಾಗಬಹುದು, ಕರ್ಣ ಮಾತ್ರ ಸಿಕ್ಕಿಬೀಳುತ್ತಾನೆ! ಬ್ರಾಹ್ಮಣನೆಂದು ಸುಳ್ಳು ಹೇಳಿ ಪರಶುರಾಮನಿಂದ ಅವನು ಪಡೆದದ್ದು ಬ್ರಹ್ಮಾಸ್ತ್ರ. ಗುರು ಕೊಟ್ಟ ಶಾಪವೂ ಅಷ್ಟೇ ಅಳತೆಯದು: ಸುಳ್ಳಿನಿಂದ ಗಳಿಸಿದ್ದು ಬೇಕಾದಾಗ ಒದಗದಿರಲಿ. ವಿಚಿತ್ರವೆಂದರೆ ಕರ್ಣನ ಸುಳ್ಳನ್ನು ಬಯಲು ಮಾಡಿದ್ದು ಅವನ ನಿಜವಾದ ಶೌರ್ಯ. ಹುಳು ತೊಡೆ ಕೊರೆದು ರಕ್ತ ಹರಿದರೂ, ಮಲಗಿದ್ದ ಗುರುವಿಗೆ ಎಚ್ಚರವಾದೀತೆಂದು ಅಲುಗಾಡದೆ ಕೂತವನು ಅವನು.

ಆದರೆ ಕೋರ್ಟಿನ ಒಂದು ವಾದ ಅಷ್ಟು ಸಲೀಸಾಗಿ ಗಂಟಲಿಗೆ ಇಳಿಯುವುದಿಲ್ಲ. ಸುಳ್ಳಿಗೆ ಮದ್ದು ನಿಜ ಹೇಳುವುದು ಎಂದಿತು ಅದು. ಹೇಳುವವರು ಯಾರು? ಈ ಪದಕ ಪಡೆದವರಲ್ಲಿ ಅನೇಕರು ಅದನ್ನು ಪಡೆದ ಕಾಳಗದಲ್ಲೇ ಸತ್ತವರು. ಪದಕವೆಂದರೆ ಅವರ ಪರವಾಗಿ ಸಮಾಜ ನುಡಿದ ಸಾಕ್ಷಿ. ಸುಳ್ಳುಗಾರ ಕೆಡಿಸುವುದು ಆ ಸಾಕ್ಷಿಯ ಬೆಲೆಯನ್ನು. ಭಿನ್ನಮತ ಬರೆದ ನ್ಯಾಯಮೂರ್ತಿ ಅಲಿಟೊ ಅವರ ಸಿಟ್ಟಿಗೆ ಕಾರಣವಿತ್ತು.

ಅಡಚಣೆ ಏನೆಂದರೆ, ಸಾಕ್ಷಿ ನುಡಿದ ಸರ್ಕಾರವೇ ಎಷ್ಟೋ ಸಲ ತಪ್ಪಿದೆ. 1863ರಲ್ಲಿ, ಅಂತರ್ಯುದ್ಧದ ನಡುವೆ, ಸೇವಾವಧಿ ಮುಗಿದ ಮೇಲೂ ವಾಷಿಂಗ್ಟನ್ ಕಾಯಲು ಕೆಲವು ದಿನ ಉಳಿದವರಿಗೆ ಪದಕ ಎಂದು ಸರ್ಕಾರ ಆಸೆ ತೋರಿಸಿತು. 27ನೇ ಮೇನ್ ರೆಜಿಮೆಂಟಿನಲ್ಲಿ ಉಳಿದವರು ಸುಮಾರು 300. ಪದಕ ಬಂದದ್ದು 864! 1917ರಲ್ಲಿ ಪರಿಶೀಲನಾ ಮಂಡಳಿ ಇವನ್ನೂ ಸೇರಿಸಿ 911 ಹೆಸರುಗಳನ್ನು ಹೊಡೆದುಹಾಕಿತು. ಆ ಭರಾಟೆಯಲ್ಲಿ ಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ನೀಡಿ ಸೆರೆಯಾಳಾಗಿಯೂ ಇದ್ದ ವೈದ್ಯೆ ಮೇರಿ ವಾಕರ್ ಹೆಸರೂ ಹೋಯಿತು. ಈ ಪದಕ ಪಡೆದ ಏಕೈಕ ಮಹಿಳೆ ಆಕೆ. ಹಿಂದಿರುಗಿಸಲು ಒಪ್ಪದೆ 1919ರಲ್ಲಿ ಸಾಯುವವರೆಗೂ ಅದನ್ನು ಎದೆಯ ಮೇಲೆ ಧರಿಸಿಯೇ ಓಡಾಡಿದರು. 1977ರಲ್ಲಿ ಸರ್ಕಾರ ಪದಕವನ್ನು ಮತ್ತೆ ಮಾನ್ಯ ಮಾಡಿತು. ನಡುವಿನ ವರ್ಷಗಳಲ್ಲಿ ಪಟ್ಟಿಯ ಪ್ರಕಾರ ಅವರು ಇಲ್ಲದ ಗೌರವ ಹೇರಿಕೊಂಡವರು. ಅವರ ಎದೆಯ ಮೇಲಿದ್ದದ್ದು ಸುಳ್ಳು ಎನ್ನಲು ಯಾರಿಗೆ ನಾಲಿಗೆ ಬಂದೀತು?

ತೀರ್ಪಿನ ಮುಂದಿನ ತಿಂಗಳೇ ಪೆಂಟಗನ್ ಪದಕ ಪಡೆದವರ ಹೆಸರುಗಳ ಜಾಲತಾಣ ತೆರೆಯಿತು. ಆಲ್ವರೆಜ್‌ನಂಥವರ ಬಣ್ಣ ಬಯಲು ಮಾಡಲು ಜೈಲಿಗಿಂತ ಇದು ಒಳ್ಳೆಯ ದಾರಿ. ಹಾಗೆಂದು ಕಾಗದವೇ ಕೊನೆಯ ಮಾತೂ ಅಲ್ಲ. 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿ 1.6 ಕೋಟಿಗೂ ಹೆಚ್ಚು ಸೈನಿಕರ ಕಡತಗಳನ್ನು ನುಂಗಿತು. ನಿಜವಾಗಿ ಯುದ್ಧ ಮಾಡಿ ಬಂದ ಎಷ್ಟೋ ಮುದುಕರು ತಮ್ಮ ಸೇವೆ ನಿಜವೆಂದು ತೋರಿಸಲು ಹಳೆಯ ಸಂಬಳದ ಚೀಟಿಗಳ ನೆರವು ಪಡೆಯಬೇಕಾಯಿತು.