ಮತವಿಲ್ಲದವಳ ಪಾಲು

ಚುನಾವಣೆಯ ಮಾತು ಬಂದಾಗ ನನಗೆ ಜಪಾನಿನ ಕೋಚಿ ನೆನಪಾಗುತ್ತದೆ. 1892ರ ಫೆಬ್ರವರಿ, ಸಂಸತ್ತಿಗೆ ಎರಡನೆಯ ಚುನಾವಣೆ. ವಿರೋಧ ಪಕ್ಷಗಳನ್ನು ಸೋಲಿಸಲು ಗೃಹಮಂತ್ರಿ ಶಿನಗಾವ ಯಾಜಿರೋ ಪೊಲೀಸರನ್ನೇ ಛೂ ಬಿಟ್ಟಿದ್ದ. ದೇಶದಲ್ಲಿ 25 ಜನ ಸತ್ತರು; ಹೆಚ್ಚು ರಕ್ತ ಹರಿದದ್ದು ಕೋಚಿ, ಸಾಗಾಗಳಲ್ಲಿ. ಮತಚೀಟಿಯಲ್ಲಿ ಮತದಾರ ತನ್ನ ಹೆಸರನ್ನೂ ಬರೆಯಬೇಕಿತ್ತು. ಗುಟ್ಟೆಂಬುದೇ ಇರಲಿಲ್ಲ.

ಮತವಿದ್ದದ್ದು 25 ವರ್ಷ ತುಂಬಿದ, 15 ಯೆನ್ ತೆರಿಗೆ ಕಟ್ಟುವ ಗಂಡಸರಿಗೆ; ಹೆಚ್ಚುಕಡಿಮೆ ನೂರಕ್ಕೆ ಒಬ್ಬರಿಗೆ. ಹೆಂಗಸರು ರಾಜಕೀಯ ಸಭೆಗೆ ಹೋಗುವುದನ್ನೂ 1890ರ ಕಾನೂನು ತಡೆದಿತ್ತು. ಆದರೆ ಗಂಡ ಹೆಸರು ಬರೆದು ಬಂದ ರಾತ್ರಿ ಯಾರೋ ಬಾಗಿಲು ಬಡಿದರೆ, ನಡುಗುವವಳು ಅವಳೂ ತಾನೆ?

ಆಯ್ಕೆಯಲ್ಲಿ ಪಾಲಿಲ್ಲದವಳಿಗೆ ಫಲದಲ್ಲಿ ಮಾತ್ರ ಪಾಲು ಕೊಡುವುದು ನ್ಯಾಯವೆ? ಯಜಮಾನನ ಮತವೇ ಮನೆಯವರೆಲ್ಲರ ಮತ ಎನ್ನಬಹುದು. ಹಾಗಾದರೆ ಹೆಂಗಸೇ ಯಜಮಾನಿಯಾದ ಮನೆಗೆ? ಕೋಚಿಯ ವಿಧವೆ ಕುಸುನೋಸೆ ಕಿತಾ 1878ರಲ್ಲೇ, ಸ್ಥಳೀಯ ಚುನಾವಣೆಯಲ್ಲಿ ತನಗೆ ಮತವಿಲ್ಲವೆಂದಾಗ ತೆರಿಗೆ ಕಟ್ಟಲು ಒಪ್ಪಲಿಲ್ಲ. ಆಕೆ ಬೇಡಿದ್ದು ದಯೆಯನ್ನಲ್ಲ, ಲೆಕ್ಕವನ್ನು. ಮನೆಖರ್ಚು ಬರೆದಿಡುವ ನಮಗೆ ಆ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಜಪಾನಿನ ಹೆಂಗಸರು ಸಂಸತ್ತಿಗೆ ಮೊದಲು ಮತ ಹಾಕಿದ್ದು 1946ರಲ್ಲಿ. "ನಮ್ಮ ಮನೆಯವರು ಹೇಳಿದವರಿಗೇ ಹಾಕಿದೆ" ಎಂದು ಹಗುರವಾಗಿ ಅನ್ನುತ್ತೇವಲ್ಲ, ಕಿತಾಳ ಎದುರು ಕೂತು ಹಾಗೆ ಹೇಳಬಲ್ಲೆವೆ?